ಕೆನೆತ್ ಆಂಡರ್ಸನ್: ಕಾಡನ್ನು ಪ್ರೀತಿಸಿದ ಗೃಹಸ್ಥ

೨೦೨೨ರ ಅಕ್ಟೋಬರ್ ಕೊನೆಯಿಂದ ೨೦೨೩ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಎಳೆಯ ಬಾಲಕನೊಬ್ಬನೂ ವೃದ್ಧೆಯೊಬ್ಬರೂ ಇದ್ದರು. ಮೃಗವನ್ನು ಕೊಲ್ಲಬೇಕೋ ಉಳಿಸಬೇಕೋ ಎಂಬ ಪ್ರಶ್ನೆ ತಲಕಾಡಿನ ಆಸುಪಾಸಿನಲ್ಲಿ ಅಂದು ಎಲ್ಲರನ್ನೂ ಕಾಡಿತು. ಇದೇ ಪ್ರಶ್ನೆಯನ್ನು ಜೀವಮಾನವೆಲ್ಲ ಎದುರಿಸಿದ ಕೆನೆತ್ ಆಂಡರ್ಸನ್ ಅವರನ್ನು ಈ ವಾರ ಸ್ಮರಿಸೋಣ.

ಆರು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಕುಟುಂಬದಲ್ಲಿ, ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ೧೯೧೦ರಲ್ಲಿ ಅವರು ಜನಿಸಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ, ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಗುರುಗಳು ೧೮೮೨ರಲ್ಲಿ ಸ್ಥಾಪಿಸಿದ ಸಂತ ಜೋಸೆಫರ ಕಾಲೇಜಿನಲ್ಲಿಯೂ ಕಲಿತರು. ನ್ಯಾಯಶಾಸ್ತ್ರ ಓದಲೆಂದು ಎಡಿನ್‌ಬರೋಗೆ ಕಳುಹಿಸಿದರೆ, ಓದನ್ನು ಅರ್ಧಕ್ಕೇ ಬಿಟ್ಟು ಮರಳಿ ಬಂದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿಯೂ ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ದುಡಿದರು. ೧೯೨೯ರಲ್ಲಿ ಸಿಲೋನಿನ ಬ್ಲಾಸಮ್ ಫ್ಲೆಮಿಂಗ್ ಅವರನ್ನು ವಿವಾಹವಾದರು. ಜೂನ್ ಮತ್ತು ಡೊನಾಲ್ಡ್ ಎಂಬ ಇಬ್ಬರು ಮಕ್ಕಳು. ನೌಕರಿಯಿಂದ ಬಿಡುವು ದೊರೆತಾಗಲೆಲ್ಲ ಅವರ ಮನಸ್ಸು ಅಡವಿಯತ್ತ ಹರಿಯುತ್ತಿತ್ತು. ಮಗನೂ ತಂದೆಯ ಹಾದಿಯನ್ನೇ ಹಿಡಿದ.

ತಲಕಾಡನ್ನು ದಾಟಿ ಹರಿಯುವ ಕಾವೇರಿ ಹೊಗೇನಕಲ್ ಮುಟ್ಟುವ ಕಾಡುಗಳಲ್ಲಿ ಅವರು ಅಲೆದಾಡಿದರು. ಚಿನ್ನಾರ್ ಹೊಳೆಯ ಸೀಮೆಯ ಬೈರ ಎಂಬ ಪೂಜಾರಿ ಬುಡಕಟ್ಟಿನವನು ಕಳ್ಳಬೇಟೆಗಾರನಾಗಿ ಎದುರಾದವನು. ಮುಂದೆ ಅವರ ಆಪ್ತಮಿತ್ರನೇ ಆದ. ೧೯೩೯ರಿಂದ ೧೯೬೬ರವರೆಗೆ ಅವರು ಕೊಂದ ನರಭಕ್ಷಕಗಳು ಸರ್ಕಾರಿ ದಾಖಲೆಯಂತೆ ೮ ಚಿರತೆ ಮತ್ತು ೭ ಹುಲಿ. ಮೃಗದ ಭಯದಿಂದ ಹೊಲಕ್ಕೂ ನೀರಿಗೂ ಹೋಗಲಾರದ ಬಡಜನರಿಗಾಗಿ ಅವರು ರಾತ್ರಿಗಳನ್ನು ಮರದ ಮೇಲೆ ಕಳೆದರು.

ಆದರೆ ಕೊಂದ ಮಾತ್ರಕ್ಕೆ ಅವರ ವಿಚಾರ ಮುಗಿಯುತ್ತಿರಲಿಲ್ಲ. ಕಾರ್ಯವಿದ್ದಲ್ಲಿ ಕಾರಣವಿರಲೇಬೇಕಷ್ಟೆ! ಸತ್ತ ಮೃಗದ ದೇಹದಲ್ಲಿ ಅವರು ಕಾರಣವನ್ನು ಹುಡುಕುತ್ತಿದ್ದರು. ಎಷ್ಟೋ ಬಾರಿ ಹಿಂದೆ ಯಾರೋ ಹಾರಿಸಿದ ಗುಂಡಿನ ಗಾಯವೋ ಮುಳ್ಳುಹಂದಿಯ ಮುಳ್ಳೋ ಅಲ್ಲಿ ಕಾಣಿಸುತ್ತಿತ್ತು. ಕುಂಟಾದ ಮೃಗ ಜಿಂಕೆಯನ್ನು ಹಿಡಿಯಲಾರದೆ ಮನುಷ್ಯನ ಮೇಲೆ ಎರಗುತ್ತದೆ. ಒಬ್ಬನ ಅಜಾಗ್ರತೆಗೆ ಮತ್ತೊಬ್ಬನ ಮಗು ಬೆಲೆ ತೆರುತ್ತದೆ.

ಒಮ್ಮೆ ಮೈಸೂರಿನ ಸಮೀಪದ ಕಬ್ಬಿನ ಗದ್ದೆಗಳ ಬಳಿ ಹೋಗುತ್ತಿದ್ದಾಗ ಅವರ ಸಂಗಡಿಗನೊಬ್ಬ ನಿಷ್ಕಾರಣವಾಗಿ ಕರಡಿಯೊಂದನ್ನು ಗುಂಡಿಟ್ಟು ಕೊಂದ. ಸತ್ತ ತಾಯಿಯ ಬೆನ್ನಿಗೆ ಮರಿಯೊಂದು ಅಂಟಿಕೊಂಡಿತ್ತು. ಆಂಡರ್ಸನ್ ಅದನ್ನು ಹಿಡಿದು ತಂದು ಪತ್ನಿಯ ಕೈಗಿತ್ತರು. ಬ್ರೂನೋ ಎಂಬ ಹೆಸರಿನಿಂದ ಅದು ಮನೆಮಂದಿಯೊಡನೆ ಉಂಡು ಬೆಳೆಯಿತು. ಒಮ್ಮೆ ಇಲಿಪಾಷಾಣ ತಿಂದು ಸಾಯುವಂತಾದಾಗ ಪಶುವೈದ್ಯರು ಅದನ್ನು ಉಳಿಸಿದರು. ದೊಡ್ಡದಾದ ಮೇಲೆ ಅದನ್ನು ಮೈಸೂರಿನ ಮೃಗಾಲಯಕ್ಕೆ ಸೇರಿಸಿದರು. ಅಲ್ಲಿ ಕರಡಿ ಅನ್ನ ಬಿಟ್ಟಿತು. ಇಲ್ಲಿ ಆ ತಾಯಿ ಕಣ್ಣೀರಿಟ್ಟರು. ಮೂರು ತಿಂಗಳ ನಂತರ ಬ್ಲಾಸಮ್ ಹೋದಾಗ, ಮರೆತಿರುತ್ತದೆಂದು ಎಲ್ಲರೂ ಎಣಿಸಿದ್ದ ಕರಡಿ ದೂರದಿಂದಲೇ ಗುರುತಿಸಿ ಕೂಗಿತು. ಆಂಡರ್ಸನ್ ದಂಪತಿ ಅಧಿಕಾರಿಗಳ ಅನುಮತಿ ಪಡೆದು ಅದನ್ನು ಬೆಂಗಳೂರಿಗೆ ಮರಳಿ ತಂದರು. ಮನೆಯಂಗಳದಲ್ಲಿ ಸುತ್ತಲೂ ಕಂದಕ ತೋಡಿಸಿ ಅದಕ್ಕೊಂದು ಪುಟ್ಟ ನಡುಗಡ್ಡೆಯನ್ನೇ ನಿರ್ಮಿಸಿದರು.

ಆಂಡರ್ಸನ್ ೧೯೭೪ರ ಆಗಸ್ಟ್ ೩೦ರಂದು ಕ್ಯಾನ್ಸರಿನಿಂದ ನಿಧನರಾಗಿ ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಚಿರನಿದ್ರೆಯಲ್ಲಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಅವರ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು.

ನಾಲ್ವರನ್ನು ಕಳೆದುಕೊಂಡ ಮನೆಗಳ ದುಃಖವನ್ನು ಯಾವ ಕಥೆಯೂ ನೀಗಲಾರದು. ನರಭಕ್ಷಕವನ್ನು ತಡೆಯುವುದು ನ್ಯಾಯವೇ. ಆದರೆ ಹೊಲದ ಬದುವಿನಲ್ಲಿ ಉರುಳು ಒಡ್ಡುವಾಗ, ಹಂದಿಗೆಂದು ಗುಂಡು ಹಾರಿಸುವಾಗ, ಅದರಿಂದ ಗಾಯಗೊಂಡು ಪಾರಾದ ಮೃಗ ನಾಳೆ ಯಾರ ಅಂಗಳಕ್ಕೆ ಬಂದೀತೆಂದು ಯೋಚಿಸುವ ಹೊಣೆ ನಮ್ಮದು. ಈ ವಿವೇಕವನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸೋಣ.