ಬೆಂಗಳೂರಿನ ರಾಮನ್

ಸರ್ ಸಿ. ವಿ. ರಾಮನ್ ಅವರ ಮನೆಮಾತು ತಮಿಳು. ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರ ಚರಿತ್ರೆಗೆ ಎಡೆಯೇಕೆಂದು ಕೆಲವರಾದರೂ ಕೇಳಿಯಾರು. 1933ರಿಂದ 1970ರಲ್ಲಿ ಕಣ್ಣುಮುಚ್ಚುವವರೆಗೆ ಅವರು ಬೆಂಗಳೂರಿನಲ್ಲಿಯೇ ನೆಲೆಸಿದರು. ಅಲ್ಲಿಯ ಮಣ್ಣಿನಲ್ಲಿಯೇ ಬೆರೆತರು. ಧಾರಾವಿಯಲ್ಲಿ ತಮಿಳು ನೆರೆಯವರೊಡನೆ ಒಂದೇ ನಲ್ಲಿಯ ನೀರು ಹಿಡಿದು ಬಾಳುವ ನಾವು, ಹೊರಗಿನಿಂದ ಬಂದವನು ಯಾವಾಗ ಊರಿನವನಾಗುತ್ತಾನೆಂಬುದನ್ನು ಚೆನ್ನಾಗಿ ಬಲ್ಲೆವು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಅವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಉಪಾಧ್ಯಾಯರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಮೇಲ್ದರ್ಜೆಯಲ್ಲಿ ತೇರ್ಗಡೆಯಾದರೂ, ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವುದು ಆ ಕಾಲಕ್ಕೆ ಕಷ್ಟವಾಗಿತ್ತು. ಆದುದರಿಂದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು, ಮೊದಲಿಗರಾಗಿ ಬಂದು, 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಆಗಿನ್ನೂ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ.

ಬ್ಯಾಂಕಿನ ಮೇಜಿನ ಮುಂದೆ ಲೆಕ್ಕ ತಾಳೆ ನೋಡುತ್ತ ದಿನ ಕಳೆಯುವ ನಮ್ಮಂಥವರಿಗೆ ಅವರ ಜೀವನದಲ್ಲಿ ಮುಂದಿನ ಹತ್ತು ವರ್ಷಗಳೇ ಹೆಚ್ಚು ರುಚಿಸುತ್ತವೆ. ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವೊಂದಿತ್ತು. ಅಲ್ಲಿ ಉಪಕರಣಗಳಿದ್ದವು, ಅವುಗಳಿಂದ ಕೆಲಸ ತೆಗೆಯುವವರು ಇರಲಿಲ್ಲ. ರಾಮನ್ ಕಚೇರಿಗೆ ಹೋಗುವ ಮುನ್ನ ಬೆಳಗ್ಗೆ ಒಮ್ಮೆ, ಕಚೇರಿ ಮುಗಿದ ಮೇಲೆ ಸಂಜೆ ಮತ್ತೊಮ್ಮೆ ಅಲ್ಲಿಗೆ ಹೋಗಿ ಪ್ರಯೋಗದಲ್ಲಿ ಮುಳುಗುತ್ತಿದ್ದರು. ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು, ಪ್ರಯೋಗ ನಿಲ್ಲಲಿಲ್ಲ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ಒಪ್ಪಿಕೊಂಡಾಗ ಅವರ ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಸರಕಾರಿ ಕೆಲಸ ಬಿಡುವುದೆಂದರೇನೆಂದು ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಗೊತ್ತಾದೀತು!

ರಾಮನ್ನರ ಕಥೆಯಲ್ಲಿ ಮುಂಬಯಿಗೂ ಒಂದು ಪಾಲುಂಟು. 1921ರಲ್ಲಿ ಅವರು ವಿಲಾಯತಿಯಿಂದ ನಾರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲೀ ಅವರಂಥ ದೊಡ್ಡವರೇ ಹೇಳಿದ್ದರು. ರಾಮನ್ ನಿಕೋಲ್ ಪಟ್ಟಕದ ಮೂಲಕ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರೆ ನೀಲಿ ಇನ್ನೂ ಚೆನ್ನಾಗಿ ಕಂಡಿತು. ನೀರೇ ಬೆಳಕನ್ನು ಚದರಿಸುತ್ತದೆಂದು ಅವರು ನೇಚರ್ ಪತ್ರಿಕೆಗೆ ಬರೆದ ಪತ್ರದ ತಲೆಯಲ್ಲಿ ಇರುವುದು ಮುಂಬಯಿ ಬಂದರಿನ ಹೆಸರು.

ಆ ಪ್ರಶ್ನೆಯ ಬೆನ್ನು ಹಿಡಿದು ಹೋದದ್ದರ ಫಲವೇ 1928ರ ಫೆಬ್ರವರಿ 28ರಂದು, ಶಿಷ್ಯ ಕೆ. ಎಸ್. ಕೃಷ್ಣನ್ ಅವರ ಸಹಕಾರದಿಂದ ಕೈಗೂಡಿದ ಶೋಧ. ಒಂದೇ ಬಣ್ಣದ ಬೆಳಕನ್ನು ಒಂದು ದ್ರವದೊಳಕ್ಕೆ ಬಿಟ್ಟರೆ, ಚದರಿ ಬರುವ ಬೆಳಕು ಬಹುಮಟ್ಟಿಗೆ ಅದೇ ಬಣ್ಣದ್ದಾಗಿರುತ್ತದೆ. ಸುಮಾರು ಕೋಟಿಗೊಂದು ಕಣ ಮಾತ್ರ ಅಲ್ಲಿಯ ಅಣುವಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಟ್ಟೋ, ಅದರಿಂದ ಪಡೆದೋ, ಬೇರೆ ಬಣ್ಣವಾಗಿ ಹೊರಬೀಳುತ್ತದೆ. ಈ ಕೊಡುಕೊಳ್ಳುವಿಕೆಯ ಮೊತ್ತ ಒಂದೊಂದು ಬಗೆಯ ಅಣುವಿಗೂ ಬೇರೆ. ಕಟ್ಟಿದ ಹಣಕ್ಕೂ ಹಿಂದೆ ಬಂದ ಹಣಕ್ಕೂ ಇರುವ ವ್ಯತ್ಯಾಸ ನೋಡಿಯೇ ಅದು ಯಾರ ಕೈ ದಾಟಿತೆಂದು ಹೇಳುವ ಪಳಗಿದ ಗುಮಾಸ್ತೆಯಂತೆ, ರೋಹಿತದರ್ಶಕ ಯಂತ್ರವು ಬೆಳಕಿನ ವ್ಯತ್ಯಾಸ ಅಳೆದು ಅಣುವಿನ ಗುರುತು ಹಿಡಿಯುತ್ತದೆ. ಈ ಹೊಸ ಬೆಳಕನ್ನು ಕುರಿತು ರಾಮನ್ ಸವಿಸ್ತಾರವಾಗಿ ಉಪನ್ಯಾಸ ಮಾಡಿದ್ದು ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು.

1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅವರು ಮೊದಲ ಭಾರತೀಯ ನಿರ್ದೇಶಕರಾದರು. ಅವರ ಮಾತು ಹರಿತ. ಜತೆಗೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲವೆಂದೇ ನಮ್ಮ ಎಣಿಕೆ. ಕಲಹದ ನಡುವೆ 1937ರಲ್ಲಿ ಆ ಪದವಿ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. ತರುವಾಯ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಎದ್ದ ತಮ್ಮದೇ ಸಂಸ್ಥೆಯಲ್ಲಿ ದುಡಿದರು. ಎಂಬತ್ತರ ಹೊಸ್ತಿಲಿನಲ್ಲಿ ಅವರನ್ನು ಕಾಡಿದ್ದು ಕಣ್ಣಿನ ವಿಚಾರ. ಬಣ್ಣದ ಸೋಸುಗವನ್ನು ಕಣ್ಣ ಮುಂದೆ ಹಿಡಿದು, ಬೆಳಗಿದ ಪರದೆಯನ್ನು ದಿಟ್ಟಿಸಿ, ಥಟ್ಟನೆ ಅದನ್ನು ತೆಗೆದರೆ, ತನ್ನದೇ ಅಕ್ಷಿಪಟಲದ ಚಿತ್ರ ದೊಡ್ಡದಾಗಿ ಪರದೆಯ ಮೇಲೆ ತೋರುತ್ತದೆಂದು ಅವರು ಕಂಡುಕೊಂಡರು. 1968ರಲ್ಲಿ ಈ ಕುರಿತು ಪುಸ್ತಕವನ್ನೂ ತಂದರು. ಅವರ ನಿರ್ಣಯಗಳನ್ನು ವಿದ್ವಾಂಸರು ಹೆಚ್ಚಾಗಿ ಒಪ್ಪಲಿಲ್ಲ. ಆದರೂ ಜೀವಂತ ಅಂಗವನ್ನು ಕತ್ತಿ ತಗಲಿಸದೆ ಬೆಳಕಿನಿಂದಲೇ ನೋಡುವ ಆ ಹಂಬಲ ವ್ಯರ್ಥವಾದದ್ದೆಂದು ನಾವು ಹೇಳಲಾರೆವು. 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು.

2020ರಲ್ಲಿ ಧಾರಾವಿಯ ಗಲ್ಲಿಗಲ್ಲಿಗೂ ಬಂದು ನಮ್ಮ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರನ್ನು ಓದುಗರು ಮರೆತಿರಲಾರರು. ಅದು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನೊಳಗೆ ಹಾಯಿಸಿ, ರಕ್ತ ಯಾವುದನ್ನೆಷ್ಟು ಹೀರಿತೆಂದು ನೋಡಿ ಆಮ್ಲಜನಕದ ಲೆಕ್ಕ ಹೇಳುವ ಯಂತ್ರ. ಅದು ರಾಮನ್ ಪರಿಣಾಮವಲ್ಲ. ಆದರೆ ಅದೇ ಮನೆತನದ್ದು. 1960ರಲ್ಲಿ ಲೇಸರ್ ಬಂದ ಮೇಲೆ ರಾಮನ್ನರ ಕೋಟಿಗೊಂದು ಕಣವನ್ನು ಹಿಡಿಯುವುದು ಸುಲಭವಾಯಿತು. ನಮ್ಮ ನಾಡಿನ ಮಣಿಪಾಲದಲ್ಲಿಯೂ, ಇಲ್ಲಿಯೇ ಖಾರ್ಘರಿನ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾಲಯದಲ್ಲಿಯೂ ಬಾಯಿಯ ಅರ್ಬುದ ರೋಗಕ್ಕೆ ಈ ವಿದ್ಯೆಯನ್ನು ಪ್ರಯೋಗಿಸಿದ್ದಾರೆ. ಸಣ್ಣ ಕೊಳವೆಯ ತುದಿಯಿಂದ ಕೆನ್ನೆಯ ಒಳಭಾಗಕ್ಕೆ ಕೆಲವು ಕ್ಷಣ ಬೆಳಕು ಬಿಡುತ್ತಾರೆ. ನೆಟ್ಟಗಿರುವ ಕೆನ್ನೆಯಲ್ಲಿ ಕೊಬ್ಬಿನ ಗುರುತು ಹೆಚ್ಚು, ಗಡ್ಡೆಯಾದಲ್ಲಿ ಪ್ರೋಟೀನಿನ ಗುರುತು ಹೆಚ್ಚು.

ತಂಬಾಕು, ಗುಟ್ಕಾ ನಮ್ಮ ಓಣಿಗಳಲ್ಲಿ ಎಷ್ಟು ಬಾಯಿ ಕೆಡಿಸಿವೆಯೆಂಬುದನ್ನು ಎಲ್ಲರೂ ಬಲ್ಲರು. ಚೂರು ಕತ್ತರಿಸಿ ಪರೀಕ್ಷಿಸುತ್ತಾರೆಂದು ಹೆದರಿ ಹುಣ್ಣನ್ನು ಹೆಂಡತಿಗೂ ಹೇಳದೆ ಮುಚ್ಚಿಡುವವರಿದ್ದಾರೆ. ಅಂಥವರಿಗೆ ಈ ಬೆಳಕು ಎಂದಾದರೊಂದು ದಿನ ಆಸರೆಯಾದೀತು. ಆದರೆ ಅದು ಇನ್ನೂ ಎಲ್ಲ ಆಸ್ಪತ್ರೆಗಳ ನಿತ್ಯದ ಪರೀಕ್ಷೆಯಾಗಿಲ್ಲ. ಚೂರು ತೆಗೆದು ನೋಡಿದ್ದೇ ಇಂದಿಗೂ ಕೊನೆಯ ನಿರ್ಣಯ. ಎರಡು ವಾರ ಕಳೆದರೂ ಮಾಯದ ಹುಣ್ಣಾಗಲಿ, ಬಿಳಿ ಮಚ್ಚೆಯಾಗಲಿ ಇದ್ದರೆ ತೋರಿಸಲು ಸಾಯನ್ ಆಸ್ಪತ್ರೆ ನಮಗೆ ಹತ್ತಿರದಲ್ಲಿಯೇ ಇದೆ.