ಹವ್ಯಾಸದ ಕಾಲಂ ಮತ್ತು ರೆಜಿನಾಲ್ಡ್ ಡೆನ್ನಿ

ಕಳೆದ ವರ್ಷ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಅರ್ಜಿಯ ಕೊನೆಯಲ್ಲಿ ಹವ್ಯಾಸಗಳು ಎಂಬ ಕಾಲಂ ಇತ್ತು. ಓದುವುದು, ಹಾಡು ಕೇಳುವುದು ಎಂದು ಬರೆದುಬಿಟ್ಟೆ. ನಿಜ ಬೇರೆಯೇ ಇತ್ತು. ನಾಲ್ಕು ವರ್ಷಗಳಿಂದ ನನ್ನ ಭಾನುವಾರಗಳೆಲ್ಲ ಕಳೆದದ್ದು ಎರಡನೇ ಮಹಾಯುದ್ಧದ ಕಾಲದ ಯುದ್ಧವಿಮಾನಗಳ ದೊಡ್ಡ ಮಾದರಿಗಳನ್ನು ಕಟ್ಟುವುದರಲ್ಲಿ. ಬಾಲ್ಸಾ ಮರದ ಹಗುರ ಪಟ್ಟಿಗಳನ್ನು ಕತ್ತರಿಸಿ ಅಂಟಿಸುವುದು, ರೇಡಿಯೊ ರಿಮೋಟ್‌ನಿಂದ ಹಾರಿಸುವುದು, ಬಿದ್ದರೆ ತುಂಡುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದು ಮತ್ತೆ ಜೋಡಿಸುವುದು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತವನು ಆಟಿಕೆ ವಿಮಾನ ಹಾರಿಸುತ್ತಾನೆ ಎಂದು ಬರೆಯಲು ನಾಚಿಕೆಯಾಯಿತು. ಮನೆಯಲ್ಲಿ ಅಮ್ಮ ಆ ಗೋಣಿಚೀಲ ನೋಡಿದಾಗಲೆಲ್ಲ ಏನೂ ಹೇಳುವುದಿಲ್ಲ. ಹೇಳದೇ ಇರುವುದೇ ಹೆಚ್ಚು ನೋವಾಗುತ್ತದೆ.

ಆ ದಿನಗಳಲ್ಲೇ ನನಗೆ ರೆಜಿನಾಲ್ಡ್ ಡೆನ್ನಿಯ ಪರಿಚಯವಾಯಿತು. ಆತ ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಮಾದರಿ ವಿಮಾನಗಳ ಚರಿತ್ರೆ ಓದುತ್ತಿದ್ದಾಗ ಎಂಜಿನಿಯರುಗಳ ಹೆಸರುಗಳ ನಡುವೆ ಒಬ್ಬ ಸಿನಿಮಾ ನಟನ ಹೆಸರು ಬಂತು. ಇವನಿಗೇನು ಕೆಲಸ ಇಲ್ಲಿ ಎಂದುಕೊಂಡು ಹುಡುಕುತ್ತಾ ಹೋದೆ.

ಡೆನ್ನಿ ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ರಿಚ್ಮಂಡ್‌ನಲ್ಲಿ. ತಂದೆ ರಂಗನಟ, ಗಾಯಕ. ಮನೆಯೇ ನಾಟಕದ ಮನೆ. ಮಗನೂ ಬಾಲನಟನಾಗಿ ರಂಗ ಹತ್ತಿದ. ಹದಿಹರೆಯದಲ್ಲೇ ಶಾಲೆ ಬಿಟ್ಟ. ಹಾಡಲು ಒಳ್ಳೆಯ ಕಂಠವಿತ್ತು. ಸಂಗೀತ ನಾಟಕಗಳಲ್ಲಿ ನಟಿಸುತ್ತಾ ಅಮೆರಿಕಕ್ಕೆ ಹೋಗಿಬಂದ. ಊರೂರು ತಿರುಗುವ ಒಂದು ನಾಟಕ ಕಂಪನಿಯ ಜೊತೆ ನಮ್ಮ ಇಂಡಿಯಾಕ್ಕೂ ಬಂದಿದ್ದ. ನಮ್ಮ ವೃತ್ತಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದ ಹಾಗೆಯೇ ಆ ಬದುಕು.

ಅಷ್ಟರಲ್ಲಿ ಮೊದಲ ಮಹಾಯುದ್ಧ. 1917ರಲ್ಲಿ ಡೆನ್ನಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳ ಸೇರಿದ. ಅಲ್ಲಿ ಅವನ ಕೆಲಸ ವಿಮಾನ ಓಡಿಸುವುದಲ್ಲ, ಪೈಲಟ್ ಜೊತೆ ಕೂತು ಕೆಳಗಿನದನ್ನು ಗಮನಿಸುವುದು ಮತ್ತು ಮೆಷಿನ್‌ಗನ್ ಹಿಡಿಯುವುದು. ಹಾರುವ ವಸ್ತುವಿಗೆ ಗುರಿಯಿಟ್ಟು ಹೊಡೆಯುವುದು ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಡೆನ್ನಿ ಅಮೆರಿಕಕ್ಕೆ ಹೋಗಿ ನೆಲೆಸಿದ. ಬಾಕ್ಸಿಂಗ್ ಬಲ್ಲ ಗಟ್ಟಿಮುಟ್ಟಾದ ಆಳು. 1922ರಲ್ಲಿ ಆರಂಭವಾದ ದಿ ಲೆದರ್ ಪುಷರ್ಸ್ ಎಂಬ ಬಾಕ್ಸಿಂಗ್ ಚಿತ್ರಮಾಲೆ ಅವನಿಗೆ ಹೆಸರು ತಂದಿತು. ಆಮೇಲೆ ಯೂನಿವರ್ಸಲ್ ಸ್ಟುಡಿಯೊದ ಹಾಸ್ಯಚಿತ್ರಗಳಲ್ಲಿ ನಾಯಕ. ಅಚ್ಚ ಅಮೆರಿಕದ ಹುಡುಗನ ಪಾತ್ರಗಳು. ಮೂಕಿಚಿತ್ರಗಳ ಕಾಲವಾದ್ದರಿಂದ ಇವನು ಇಂಗ್ಲಿಷರವನು ಎಂದು ಪ್ರೇಕ್ಷಕರಿಗೆ ತಿಳಿಯುವ ಪ್ರಮೇಯವೇ ಇರಲಿಲ್ಲ.

ಕೈಯಲ್ಲಿ ಹಣ ಬಂದಾಗ ಡೆನ್ನಿ ವಿಮಾನದ ಹುಚ್ಚಿಗೆ ಬಿದ್ದ. ಸಾಹಸ ಹಾರಾಟಗಾರರ ತಂಡದ ಜೊತೆ ಹಾರುತ್ತಿದ್ದ. ಮೊದಲ ಮಹಾಯುದ್ಧ ಕಾಲದ ಸೋಪ್‌ವಿತ್ ಸ್ನೈಪ್ ಎಂಬ ಎರಡು ರೆಕ್ಕೆಗಳ ನಿಜ ಯುದ್ಧವಿಮಾನವನ್ನೇ ಇಟ್ಟುಕೊಂಡಿದ್ದ. ಹೋವರ್ಡ್ ಹ್ಯೂಸ್ ತೆಗೆದ ಹೆಲ್ಸ್ ಏಂಜೆಲ್ಸ್ ಚಿತ್ರಕ್ಕೆ ಅದನ್ನು ಎರವಲು ಕೊಟ್ಟಿದ್ದ. ಮುಂದೆ ಆ ವಿಮಾನವನ್ನು ಇನ್ನೊಬ್ಬ ಆಸಕ್ತ ದುರಸ್ತಿ ಮಾಡಿ ಮತ್ತೆ ಜೀವ ತುಂಬಿದ. ಈಗ ಅದು ಕೆನಡಾದ ಒಟ್ಟಾವಾ ನಗರದ ವಾಯುಯಾನ ಸಂಗ್ರಹಾಲಯದಲ್ಲಿದೆ.

ಇಷ್ಟರವರೆಗೆ ಇದು ಅದೃಷ್ಟವಂತನೊಬ್ಬನ ಕಥೆ. ನನಗೆ ಡೆನ್ನಿ ಹತ್ತಿರದವನಾಗುವುದು ಇದರ ಮುಂದಿನ ಭಾಗದಲ್ಲಿ.

1927ರ ನಂತರ ಹಾಲಿವುಡ್‌ನಲ್ಲಿ ಮಾತಿನ ಚಿತ್ರಗಳ ಕಾಲ ಶುರುವಾಯಿತು. ಡೆನ್ನಿ ಬಾಯಿ ತೆರೆದೊಡನೆ ಅಮೆರಿಕದ ಹುಡುಗ ಮಾಯವಾಗಿ ಇಂಗ್ಲೆಂಡಿನ ಉಚ್ಚಾರಣೆ ಕೇಳಿಸತೊಡಗಿತು. ಅದರೊಂದಿಗೆ ನಾಯಕನ ಪಾತ್ರಗಳು ದೂರವಾದವು. ಅವನು ನಟನೆ ಮರೆತಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ತಂತ್ರಜ್ಞಾನ ಬದಲಾಯಿತು, ಅಷ್ಟೇ. ನಾವು ಮೊದಲ ವರ್ಷ ಓದುವಾಗ ಭಾರೀ ಬೇಡಿಕೆಯಿದ್ದ ಕೋರ್ಸ್ ನಾಲ್ಕನೇ ವರ್ಷಕ್ಕೆ ಯಾರಿಗೂ ಬೇಡವಾಗುತ್ತದಲ್ಲ, ಹಾಗೆ.

ಡೆನ್ನಿ ಸಿನಿಮಾ ಬಿಡಲಿಲ್ಲ. ನಾಯಕನಿಂದ ಪೋಷಕ ನಟನಾಗಿ ಕೆಳಗಿಳಿದ. ನಾಯಕನ ಗೆಳೆಯ, ಪೆದ್ದು ಇಂಗ್ಲಿಷ್ ದೊರೆ, ಇಂಥ ಪಾತ್ರಗಳನ್ನು ತಕರಾರಿಲ್ಲದೆ ಮಾಡಿದ. ಹೊಟ್ಟೆಪಾಡು ನಡೆಯುತ್ತಿತ್ತು. ಮನಸ್ಸು ಮಾತ್ರ ಮಾದರಿ ವಿಮಾನಗಳ ಕಡೆ ಹೋಯಿತು. ಅದು ಹೇಗೆ ಎಂಬುದಕ್ಕೆ ಒಂದು ಕಥೆ ಹೇಳುತ್ತಾರೆ. ಪಕ್ಕದ ಮನೆಯ ಹುಡುಗನೊಬ್ಬ ಹಾರದ ಮಾದರಿ ವಿಮಾನದೊಂದಿಗೆ ಒದ್ದಾಡುತ್ತಿದ್ದ. ಯುದ್ಧದಲ್ಲಿ ಹಾರಿಬಂದ ಡೆನ್ನಿ ನೆರವಿಗೆ ಹೋಗಿ, ಇದ್ದ ವಿಮಾನವನ್ನೂ ಮುರಿದುಹಾಕಿದ. ಹುಡುಗನಿಗೆ ಬೇರೆ ಕಟ್ಟಿಕೊಡಲು ಕೂತವನು ಮತ್ತೆ ಏಳಲಿಲ್ಲ. ಕಥೆ ಎಷ್ಟು ನಿಜವೋ, ಮಾದರಿ ವಿಮಾನ ಮುರಿದವರೆಲ್ಲ ಅದನ್ನು ನಂಬುತ್ತಾರೆ.

1934ರಲ್ಲಿ ಡೆನ್ನಿ ಹಾಲಿವುಡ್ ಬುಲೆವಾರ್ಡ್ ರಸ್ತೆಯಲ್ಲಿ ಮಾದರಿ ವಿಮಾನಗಳ ಅಂಗಡಿ ತೆರೆದ. ಸಿನಿಮಾ ನಟ ಅಂಗಡಿಯಲ್ಲಿ ಅಂಟು, ಪ್ರೊಪೆಲ್ಲರ್ ಮಾರುವುದನ್ನು ಊಹಿಸಿಕೊಳ್ಳಿ. ಮನೆಯಲ್ಲೇ ಜೋಡಿಸಬಹುದಾದ ಡೆನ್ನಿಪ್ಲೇನ್ ಎಂಬ ಕಿಟ್ ಬಂತು. ಅದಕ್ಕೆ ಹೊಂದುವ ಡೆನ್ನಿಮೈಟ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಬಂತು. ಎಂಜಿನ್ ವಿನ್ಯಾಸ ಡೆನ್ನಿಯದಲ್ಲ, ವಾಲ್ಟರ್ ರೈಟರ್ ಎಂಬ ಎಂಜಿನಿಯರನದು. ತನಗೆ ಬಾರದ್ದನ್ನು ಬಲ್ಲವರನ್ನು ಹುಡುಕಿ ಜೊತೆಗಿಟ್ಟುಕೊಳ್ಳುವುದು ಡೆನ್ನಿಯ ದೊಡ್ಡ ಗುಣ. ರೇಡಿಯೊ ಕೆಲಸಕ್ಕೆ ಕೆನೆತ್ ಕೇಸ್ ಎಂಬಾತ ಬಂದ.

ಇಲ್ಲಿ ನಮ್ಮ ಹವ್ಯಾಸದ ಒಂದು ಲೆಕ್ಕ ಹೇಳಬೇಕು. ಮಾದರಿ ವಿಮಾನವನ್ನು ಎಲ್ಲ ಕಡೆಯಿಂದ ಎರಡರಷ್ಟು ದೊಡ್ಡದು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ. ತೂಕ ಮಾತ್ರ ಎಂಟು ಪಟ್ಟು. ಅಂದರೆ ರೆಕ್ಕೆಯ ಪ್ರತಿ ಚದರ ಅಡಿಯೂ ಎರಡರಷ್ಟು ಭಾರ ಹೊರಬೇಕು. ಹಾಗಾಗಿ ದೊಡ್ಡ ಮಾದರಿ ಇನ್ನೂ ವೇಗವಾಗಿ ಹಾರಬೇಕು, ಎಂಜಿನ್ನಿಗೆ ಬಲ ಬೇಕು, ನೆಲಕ್ಕೆ ಬಿದ್ದರೆ ಪುಡಿಪುಡಿ. ಮೂರು ಅಡಿ ರೆಕ್ಕೆಯ ವಿಮಾನದಲ್ಲಿ ನಡೆದುಹೋಗುವ ತಪ್ಪು ಆರು ಅಡಿಯದರಲ್ಲಿ ನಡೆಯುವುದಿಲ್ಲ. ಡೆನ್ನಿಯ ಗುಂಪು ಕಟ್ಟಲು ಹೊರಟಿದ್ದು ಹನ್ನೆರಡು ಅಡಿಯ ವಿಮಾನವನ್ನು. ಅದೂ ಟ್ರಾನ್ಸಿಸ್ಟರ್ ಇನ್ನೂ ಬಾರದ, ಗಾಜಿನ ವಾಲ್ವ್‌ಗಳ ರೇಡಿಯೊ ಕಾಲದಲ್ಲಿ.

ಅಷ್ಟು ದೊಡ್ಡದು ಯಾಕೆ? ಮೇಲೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಉತ್ತರ ಅಲ್ಲಿದೆ. ಆ ಕಾಲದಲ್ಲಿ ವಿಮಾನ ಹೊಡೆಯುವ ತೋಪಿನ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಕ್ರಮ ವಿಚಿತ್ರವಾಗಿತ್ತು. ಒಂದು ವಿಮಾನ ಉದ್ದ ಹಗ್ಗದ ತುದಿಗೆ ಬಟ್ಟೆಯ ಚೀಲ ಕಟ್ಟಿ ಎಳೆದುಕೊಂಡು ಹೋಗುತ್ತಿತ್ತು. ಸೈನಿಕರು ಆ ಬಟ್ಟೆಗೆ ಹೊಡೆಯಬೇಕು. ಎಳೆಯುವ ಪೈಲಟ್‌ನ ಪ್ರಾಣ ಕೆಳಗಿನವರ ಗುರಿಯ ಮೇಲೆ ನಿಂತಿತ್ತು. ನೇರವಾಗಿ, ನಿಧಾನವಾಗಿ ಹೋಗುವ ಆ ಗುರಿ ಶತ್ರು ವಿಮಾನದ ಹಾಗೆ ತಿರುಗುತ್ತಲೂ ಇರಲಿಲ್ಲ, ಮೇಲಿಂದ ಎರಗುತ್ತಲೂ ಇರಲಿಲ್ಲ. ಬ್ರಿಟನ್ನಿನಲ್ಲಿ ಕ್ವೀನ್ ಬೀ ಎಂಬ ಪೂರ್ಣ ಗಾತ್ರದ ವಿಮಾನವನ್ನೇ ರೇಡಿಯೊದಿಂದ ಹಾರಿಸಿ ಗುರಿಯಾಗಿಸುವ ಪ್ರಯತ್ನ ನಡೆದಿತ್ತು. ರಾಣಿಜೇನಿನ ಆ ಹೆಸರಿನಿಂದಲೇ ಗಂಡುಜೇನು ಎಂಬರ್ಥದ ಡ್ರೋನ್ ಪದ ಚಾಲ್ತಿಗೆ ಬಂತು ಎನ್ನುವವರಿದ್ದಾರೆ. ಆದರೆ ಹೊಡೆದುಹಾಕಲು ಅಷ್ಟು ದೊಡ್ಡ ವಿಮಾನ ಎಷ್ಟೆಂದು ಕಟ್ಟುವುದು? ಅಗ್ಗದ ಮಾದರಿ ವಿಮಾನ ಸಾಕು ಎಂದು ಡೆನ್ನಿಗೆ ಹೊಳೆಯಿತು. ಗನ್ ಹಿಡಿದ ಅನುಭವ ಮತ್ತು ಅಂಗಡಿಯ ಅನುಭವ ಒಂದೇ ತಲೆಯಲ್ಲಿದ್ದವು.

1935ರಲ್ಲಿ ಆರ್‌ಪಿ-1 ಎಂಬ ಮೊದಲ ಮಾದರಿಯನ್ನು ಅಮೆರಿಕದ ಸೈನ್ಯಕ್ಕೆ ತೋರಿಸಿದ. ಆರ್ಡರ್ ಬರಲಿಲ್ಲ. 1938ರಲ್ಲಿ ರೈಟರ್‌ನ ವಿನ್ಯಾಸ ಕೊಂಡು ಆರ್‌ಪಿ-2 ತೋರಿಸಿದ. ತಿದ್ದಿ ಆರ್‌ಪಿ-3, ಮತ್ತೆ ತಿದ್ದಿ 1939ರಲ್ಲಿ ಆರ್‌ಪಿ-4. ಕೊನೆಗೆ 1940ರಲ್ಲಿ ಸೈನ್ಯ ಒಪ್ಪಿತು. ಆರ್ಡರ್ ಎಷ್ಟಕ್ಕೆ ಗೊತ್ತೇ? 53 ವಿಮಾನಗಳಿಗೆ. ಐದು ವರ್ಷದ ದುಡಿಮೆಗೆ ಸಿಕ್ಕ ಮೊದಲ ಫಲ ಅದು. ಅದೇ ವರ್ಷ ಬಿಡುಗಡೆಯಾದ ಹಿಚ್‌ಕಾಕ್ ನಿರ್ದೇಶನದ ರೆಬೆಕ್ಕಾ ಚಿತ್ರದಲ್ಲಿ ಡೆನ್ನಿ ಎಸ್ಟೇಟಿನ ಮ್ಯಾನೇಜರ್ ಪಾತ್ರ ಮಾಡಿದ್ದಾನೆ. ಅದನ್ನು ನೋಡಿದರೆ ಈ ಮನುಷ್ಯನ ಬದುಕಿನ ಇನ್ನೊಂದು ಮುಖ ಸುಳಿಯುವುದೇ ಇಲ್ಲ.

ಮರುವರ್ಷ ಸುಧಾರಿಸಿದ ವಿಮಾನಕ್ಕೆ ದೊಡ್ಡ ಆರ್ಡರ್ ಬಂತು. ಅದರ ಹೆಸರು ಓಕ್ಯೂ-2. ರೆಕ್ಕೆಯ ಅಗಲ 12 ಅಡಿ 3 ಅಂಗುಲ, ತೂಕ ಸುಮಾರು 47 ಕಿಲೊ, ಎರಡು ಸಿಲಿಂಡರಿನ 6 ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು 137 ಕಿಲೊಮೀಟರ್ ವೇಗ. ಮೂತಿಯಲ್ಲಿ ಒಂದರ ಹಿಂದೊಂದು ಎರಡು ಪ್ರೊಪೆಲ್ಲರುಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಒಂದೇ ಪ್ರೊಪೆಲ್ಲರ್ ಇದ್ದರೆ ಹಗುರ ವಿಮಾನವನ್ನು ಅದು ಒಂದು ಪಕ್ಕಕ್ಕೆ ತಿರುಚುತ್ತದೆ. ಎರಡಿದ್ದರೆ ಒಂದರ ತಿರುಚನ್ನು ಇನ್ನೊಂದು ಸರಿದೂಗಿಸುತ್ತದೆ. ಕವಣೆಯಿಂದ ಕಲ್ಲು ಎಸೆದಂತೆ ಅದನ್ನು ಗಾಳಿಗೆ ಚಿಮ್ಮಿಸುತ್ತಿದ್ದರು. ಹೊಡೆತ ತಪ್ಪಿಸಿಕೊಂಡು ಉಳಿದದ್ದು ಪ್ಯಾರಾಶೂಟ್ ಬಿಚ್ಚಿಕೊಂಡು ಇಳಿಯುತ್ತಿತ್ತು. ಕಾರ್ಖಾನೆ ಇದ್ದದ್ದು ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್‌ನಲ್ಲಿ, ಹೆಸರು ರೇಡಿಯೊಪ್ಲೇನ್. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಂದ ಹೊರಬಂದ ಗುರಿವಿಮಾನಗಳು ಹತ್ತಿರ ಹತ್ತಿರ 15,000. ಅಲ್ಲಿಯತನಕ ಪೈಲಟ್ ಇಲ್ಲದ ವಿಮಾನವನ್ನು ಅಷ್ಟು ಸಂಖ್ಯೆಯಲ್ಲಿ ಅಮೆರಿಕದಲ್ಲಿ ಯಾರೂ ತಯಾರಿಸಿರಲಿಲ್ಲ.

ಆ ಕಾರ್ಖಾನೆಯ ಕೆಲಸಗಾರರಲ್ಲಿ ನಾರ್ಮಾ ಜೀನ್ ಎಂಬ ಹುಡುಗಿಯಿದ್ದಳು. ಯುದ್ಧದ ಕೊನೆಕೊನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಚಿತ್ರ ತೆಗೆಯಲು ಬಂದ ಡೇವಿಡ್ ಕೊನೊವರ್ ಎಂಬ ಸೈನ್ಯದ ಛಾಯಾಗ್ರಾಹಕ, ಪ್ರೊಪೆಲ್ಲರ್ ಹಿಡಿದ ಅವಳ ಚಿತ್ರ ತೆಗೆದ. ಅಲ್ಲಿಂದ ರೂಪದರ್ಶಿಯಾದಳು, ಮುಂದೆ ಮರ್ಲಿನ್ ಮನ್ರೋ ಆದಳು. ಸಿನಿಮಾದಲ್ಲಿ ನಾಯಕನ ಪಟ್ಟ ಕಳೆದುಕೊಂಡವನು ಕಟ್ಟಿದ ಕಾರ್ಖಾನೆಯಿಂದ ಸಿನಿಮಾಕ್ಕೆ ಅಷ್ಟು ದೊಡ್ಡ ತಾರೆ ಹೋದಳು. ಡೆನ್ನಿಯ ಬಗ್ಗೆ ಎಲ್ಲಿ ಹುಡುಕಿದರೂ ಮೊದಲು ಸಿಗುವುದು ಈ ಸಂಗತಿಯೇ. ಅವನ ಐದು ವರ್ಷದ ಸೋಲುಗಳು ಎಲ್ಲೋ ಕೆಳಗೆ, ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ.

1952ರಲ್ಲಿ ಕಂಪನಿ ನಾರ್ತ್‌ರಾಪ್ ಎಂಬ ದೊಡ್ಡ ವಿಮಾನ ಸಂಸ್ಥೆಗೆ ಮಾರಾಟವಾಯಿತು. ಡೆನ್ನಿ ನಟಿಸುತ್ತಲೇ ಇದ್ದ. 1966ರ ಬ್ಯಾಟ್‌ಮನ್ ಚಿತ್ರದಲ್ಲಿ ಕಾಣಿಸಿಕೊಂಡ. 1967ರ ಜೂನ್‌ನಲ್ಲಿ, ಹುಟ್ಟಿದೂರು ರಿಚ್ಮಂಡ್‌ನಲ್ಲೇ ತೀರಿಕೊಂಡ.

ಅವನ ಬದುಕಿನಲ್ಲಿ ನನಗೆ ಇರಿಸುಮುರಿಸಾಗುವ ಸಂಗತಿಯೂ ಇದೆ. ಮಕ್ಕಳ ಆಟಿಕೆ ಯುದ್ಧದ ಸಾಮಾನಾಯಿತು. ಇಂದಿನ ಯುದ್ಧಗಳಲ್ಲಿ ಡ್ರೋನ್ ಮಾಡುತ್ತಿರುವುದನ್ನು ಸುದ್ದಿಯಲ್ಲಿ ನೋಡುವಾಗ ಅದರ ವಂಶಾವಳಿಯಲ್ಲಿ ಡೆನ್ನಿಯ ಅಂಗಡಿಯೂ ಇದೆ ಎಂಬುದು ಮರೆಯುವಂತಿಲ್ಲ. ಆದರೆ ಅವನ ವಿಮಾನ ಯಾರನ್ನೂ ಕೊಲ್ಲಲು ಹಾರಲಿಲ್ಲ, ಹೊಡೆಸಿಕೊಳ್ಳಲು ಹಾರಿತು. ಬಟ್ಟೆ ಎಳೆಯುತ್ತಾ ಪ್ರಾಣ ಒತ್ತೆಯಿಡಬೇಕಿದ್ದ ಪೈಲಟ್‌ನ ಜಾಗದಲ್ಲಿ ಮರ, ಬಟ್ಟೆ, ತಂತಿ ಬಂದವು. ನಮ್ಮ ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ ಲಕ್ಷ್ಯ ವಿಮಾನದ ಕೆಲಸವೂ ಇಂಥದ್ದೇ. ಅದು ಜೆಟ್ ಎಂಜಿನಿನದು, ಬಹಳ ಮುಂದುವರಿದದ್ದು. ಆದರೂ ಪೈಲಟ್ ಇಲ್ಲದೆ ಹಾರಿ, ತೋಪು, ಕ್ಷಿಪಣಿಗಳ ಅಭ್ಯಾಸಕ್ಕೆ ಗುರಿ ಒದಗಿಸಿ, ಪ್ಯಾರಾಶೂಟ್‌ನಿಂದ ಇಳಿಯುವ ಉಪಾಯ ಡೆನ್ನಿಯ ಕಾಲದ್ದು.

ಹವ್ಯಾಸ ಹಿಡಿದರೆ ಕಾರ್ಖಾನೆ ಕಟ್ಟಬಹುದು ಎಂದು ನಾನು ಹೇಳುತ್ತಿಲ್ಲ. ಡೆನ್ನಿಗೆ ಸಿನಿಮಾ ಸಂಬಳವಿತ್ತು, ಕಾಲವೂ ಕೂಡಿಬಂತು. ಯುದ್ಧ ಬಾರದಿದ್ದರೆ ಆ 53ಕ್ಕೇ ಮುಗಿಯುತ್ತಿತ್ತೋ ಏನೋ. ನಾನು ಅವನಿಂದ ಕಲಿತದ್ದು ಚಿಕ್ಕದು. ನನ್ನ ಕೈಗೆ ಬರುವ ಈ ಕೆಲಸ ಯಾರ ಕಷ್ಟಕ್ಕೆ ಬೇಕಾಗಬಹುದು ಎಂದು ಅವನು ಕೇಳಿಕೊಂಡ. ಹವ್ಯಾಸಿಗಳು ಸಾಮಾನ್ಯವಾಗಿ ಅದನ್ನು ಕೇಳಿಕೊಳ್ಳುವುದಿಲ್ಲ. ನಾನಂತೂ ಕೇಳಿಕೊಂಡಿರಲಿಲ್ಲ. ಉತ್ತರ ಸಿಕ್ಕ ಮೇಲೂ ಅವನು ಐದು ವರ್ಷ ಹೊಟ್ಟೆಪಾಡಿನ ಕೆಲಸ ಬಿಡದೆ ಕಾದ.

ಹೋದ ತಿಂಗಳು ಇನ್ನೊಂದು ಅರ್ಜಿ ತುಂಬಿದೆ. ಹವ್ಯಾಸದ ಕಾಲಂನಲ್ಲಿ ಮಾದರಿ ಯುದ್ಧವಿಮಾನ ಕಟ್ಟುವುದು, ಬಿದ್ದದ್ದನ್ನು ದುರಸ್ತಿ ಮಾಡುವುದು ಎಂದು ಬರೆದೆ. ಸಂದರ್ಶನದಲ್ಲಿ ಒಬ್ಬರು, ಬಿದ್ದದ್ದು ಯಾಕೆ ಎಂದು ಹೇಗೆ ಪತ್ತೆ ಮಾಡುತ್ತೀರಿ ಎಂದು ಕೇಳಿದರು. ಮುರಿದ ರೆಕ್ಕೆಯ ಕಡ್ಡಿಗಳಲ್ಲಿ ಮೊದಲು ಯಾವುದು ಮುರಿಯಿತು ಎಂದು ನೋಡುವ ಕ್ರಮವನ್ನು ವಿವರಿಸಿದೆ. ಬೇರೆ ಯಾವ ಪ್ರಶ್ನೆಗೂ ನಾನು ಅಷ್ಟು ಧೈರ್ಯವಾಗಿ ಉತ್ತರಿಸಿರಲಿಲ್ಲ. ಆ ಕೆಲಸ ಸಿಗಲಿಲ್ಲ. ಮನೆಗೆ ಬಂದು ಗೋಣಿಚೀಲ ಬಿಚ್ಚಿದಾಗ ಅಮ್ಮ ಹತ್ತಿರ ಬಂದು ಕೂತಳು, ಇದು ಯಾವ ವಿಮಾನ ಎಂದು ಮೊದಲ ಸಲ ಕೇಳಿದಳು. ಹೇಳುತ್ತಾ ಹೋದೆ. ಈ ಬಾರಿ ರೆಕ್ಕೆಗೆ ಇನ್ನೊಂದು ಪಟ್ಟಿ ಹೆಚ್ಚಿಗೆ ಹಾಕಬೇಕು.