ಶೇಂಗಾ ಉಂಡೆ ಮತ್ತು ಕಾರ್ವರ್

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯ ಮನೆಯೊಂದರ ಜಗುಲಿಯಲ್ಲಿ ಕುಳಿತು ತಿಂದ ಶೇಂಗಾ ಉಂಡೆ ನೆನಪಾದಾಗಲೆಲ್ಲ ನನಗೆ ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೂಡ ನೆನಪಾಗುತ್ತಾರೆ. ಬರ ಪರಿಸ್ಥಿತಿಯ ಪರಿಶೀಲನೆಗೆಂದು ಅಲ್ಲಿಗೆ ಹೋಗಿದ್ದೆ. ಆ ಮನೆಯ ಹಿರಿಯ ಹೆಣ್ಣುಮಗಳು ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಒರಳಿಗೆ ಹಾಕಿ ಕುಟ್ಟಿದರು. ಮೊದಲು ತರಿತರಿಯಾಗಿದ್ದ ಪುಡಿ ಕುಟ್ಟಿದಷ್ಟೂ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಯಿತು. ಆಮೇಲೆ ಬೆಲ್ಲ ಬೆರೆಸಿ ಕಟ್ಟಿದರೆ ಉಂಡೆ. ಪಾಕದ ಗೊಡವೆಯಿಲ್ಲ, ತುಪ್ಪದ ಹಂಗಿಲ್ಲ. ಬೆಲ್ಲ ಸೇರುವ ಮುನ್ನ ಒರಳಲ್ಲಿದ್ದ ಆ ಮುದ್ದೆಯೇ ನಗರದ ಅಂಗಡಿಗಳಲ್ಲಿ ಶೀಶೆ ತುಂಬಿ ಮಾರಾಟವಾಗುವ ಪೀನಟ್ ಬಟರ್.

ಇದನ್ನು ಕಂಡುಹಿಡಿದವರು ಕಾರ್ವರ್ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಇಂಥ ಪದಾರ್ಥಕ್ಕೆ ಪೇಟೆಂಟ್ ಪಡೆದಿದ್ದರು. ಕಾರ್ವರ್ ದೊಡ್ಡವರೆನಿಸುವುದು ಬೇರೆ ಕಾರಣಗಳಿಗೆ.

1864ರ ಸುಮಾರಿಗೆ ಮಿಸ್ಸೌರಿಯ ಹೊಲಮನೆಯೊಂದರಲ್ಲಿ ಅವರು ಗುಲಾಮರಾಗಿ ಹುಟ್ಟಿದರು. ಹಸುಗೂಸಾಗಿದ್ದಾಗಲೇ ದರೋಡೆಕೋರರು ತಾಯಿಯನ್ನೂ ಮಗುವನ್ನೂ ಹೊತ್ತೊಯ್ದರು. ಒಡೆಯ ಮೋಸೆಸ್ ಕಾರ್ವರ್ ಒಂದು ಕುದುರೆಯನ್ನು ಕೊಟ್ಟು ಮಗುವನ್ನು ಬಿಡಿಸಿಕೊಂಡ. ತಾಯಿಯ ಸುಳಿವು ಮತ್ತೆಂದೂ ಸಿಗಲಿಲ್ಲ. ರೋಗಿಷ್ಠ ಹುಡುಗನಾದ್ದರಿಂದ ಹೊಲದ ದುಡಿಮೆ ತಪ್ಪಿ, ಅಡುಗೆ, ಹೊಲಿಗೆ, ಬಟ್ಟೆ ಒಗೆಯುವ ಕೆಲಸ ಪಾಲಿಗೆ ಬಂತು. ಮುಂದೆ ಅವರು ವಿಜ್ಞಾನವನ್ನು ಅಡುಗೆಮನೆಯ ಭಾಷೆಯಲ್ಲಿ ಬರೆಯಬಲ್ಲವರಾದದ್ದಕ್ಕೆ ಇದೇ ಬುನಾದಿ ಎಂದು ನನ್ನ ಎಣಿಕೆ.

ಕಾನ್ಸಾಸ್‌ನ ಕಾಲೇಜೊಂದು ಅಂಚೆಯಲ್ಲಿ ಪ್ರವೇಶ ನೀಡಿ, ಎದುರಿಗೆ ಬಂದು ನಿಂತಾಗ ಮೈಬಣ್ಣ ಕಂಡು ನಿರಾಕರಿಸಿತು. ಕೊನೆಗೆ ಅಯೋವಾದಲ್ಲಿ ಚಿತ್ರಕಲೆ ಕಲಿಯತೊಡಗಿದವರು, ಗಿಡಗಳ ಮೇಲಿನ ಅವರ ಪ್ರೀತಿಯನ್ನು ಗಮನಿಸಿದ ಶಿಕ್ಷಕಿಯ ಸಲಹೆಯಂತೆ ಸಸ್ಯಶಾಸ್ತ್ರಕ್ಕೆ ಬಂದರು. 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬೂಕರ್ ಟಿ. ವಾಷಿಂಗ್ಟನ್ ಅವರ ಕರೆಗೆ ಓಗೊಟ್ಟು ಅಲಬಾಮಾದ ಟಸ್ಕೀಗೀ ಸಂಸ್ಥೆ ಸೇರಿದರು. ಬದುಕಿನ ಉಳಿದ 47 ವರ್ಷ ಅಲ್ಲಿಯೇ ಕಳೆಯಿತು.

ಅಲ್ಲಿ ಅವರು ಕಂಡದ್ದು ಹತ್ತಿಯೊಂದನ್ನೇ ಬೆಳೆದು ಬೆಳೆದು ಸಾರ ಕಳೆದುಕೊಂಡ ನೆಲ, ಸಾಲದಲ್ಲಿ ಮುಳುಗಿದ ಕಪ್ಪು ಗೇಣಿದಾರರು. ದ್ವಿದಳ ಬೆಳೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಆದ್ದರಿಂದ ಹತ್ತಿಯ ಜೊತೆ ಅಲಸಂದೆ, ಶೇಂಗಾ ಸರದಿಯಾಗಿ ಬೆಳೆಯಿರಿ ಎಂದು ಬೋಧಿಸಿದರು. 1906ರಲ್ಲಿ ಬಂಡಿಯೊಂದನ್ನೇ ಶಾಲೆಯಾಗಿಸಿ ಹಳ್ಳಿಗಳಿಗೆ ಕಳುಹಿಸಿದರು. ಬೆಳೆದ ಶೇಂಗಾವನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ, ಕೊಳ್ಳುವವರಿಲ್ಲದಿದ್ದರೂ ಮನೆಯಲ್ಲೇ ತಿನ್ನಬಹುದು ಎಂಬುದು ಅವರ ಉತ್ತರವಾಗಿತ್ತು. 1916ರ ಅವರ ಕಿರುಹೊತ್ತಿಗೆಯಲ್ಲಿ ಶೇಂಗಾವನ್ನು ಆಹಾರವಾಗಿ ಬಳಸುವ 105 ವಿಧಾನಗಳಿವೆ. ಸಾರು, ರೊಟ್ಟಿಗಳ ಜೊತೆ ಮನೆಯಲ್ಲೇ ಮಾಡಬಹುದಾದ ಮಿಠಾಯಿಗಳೂ ಇವೆ. ಅವರ ಹೆಸರಿಗೆ ಅಂಟಿಕೊಂಡ ಮುನ್ನೂರು ಉತ್ಪನ್ನಗಳ ಕಥೆಯಲ್ಲಿ ಉತ್ಪ್ರೇಕ್ಷೆಯಿದೆ, ಎಷ್ಟೋ ಸೂತ್ರಗಳನ್ನು ಅವರು ಬರೆದಿಡಲೂ ಇಲ್ಲ. ಶೇಂಗಾ ತಿನಿಸುಗಳ ಮೇಲೆ ಅವರು ಒಂದೂ ಪೇಟೆಂಟ್ ಪಡೆಯಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆದದ್ದು 1921ರ ಪ್ರಸಂಗ. ಅಗ್ಗದ ಆಮದು ಶೇಂಗಾದಿಂದ ಅಮೆರಿಕದ ಬೆಳೆಗಾರರು ತತ್ತರಿಸುತ್ತಿದ್ದಾಗ, ಸಂಸತ್ತಿನ ಸಮಿತಿಯ ಮುಂದೆ ಅವರ ಪರ ಕಾರ್ವರ್ ನಿಂತರು. ನಿಗದಿಯಾಗಿದ್ದುದು ಹತ್ತು ನಿಮಿಷ. ಅಣಕದ ಮಾತುಗಳನ್ನು ಸಹಿಸಿಕೊಂಡೇ ಒಂದೊಂದಾಗಿ ಪದಾರ್ಥಗಳನ್ನು ಹೊರತೆಗೆದು ವಿವರಿಸುತ್ತ ಹೋದಂತೆ ಸಮಿತಿ ಗಡಿಯಾರವನ್ನೇ ಮರೆಯಿತು. ಮರುವರ್ಷದ ಕಾಯ್ದೆಯಲ್ಲಿ ಶೇಂಗಾಕ್ಕೆ ಆಮದು ಸುಂಕದ ರಕ್ಷಣೆ ದೊರೆಯಿತು. ನಮ್ಮಲ್ಲಿ 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದಾಗ ಚಳ್ಳಕೆರೆಯ ಪರವಾಗಿ ಹಾಗೆ ನಿಂತವರನ್ನು ನಾನು ಕಾಣೆ. ಎಣ್ಣೆ ನಗರವೆಂದು ಹೆಸರಾಗಿದ್ದ ಆ ಊರಿನ ಹಲವು ಗಿರಣಿಗಳು ಬಾಗಿಲು ಹಾಕಿದವು.

ಕಾರ್ವರ್ ಗಾಂಧೀಜಿಯವರಿಗೂ ಆಹಾರದ ಬಗ್ಗೆ ಸಲಹೆ ನೀಡಿ ಪತ್ರ ಬರೆದಿದ್ದರು. ಮದುವೆಯಾಗದೆ, ಸರಳವಾಗಿ ಬದುಕಿ, ಉಳಿತಾಯವನ್ನು ಸಂಶೋಧನೆಗೆ ಬಿಟ್ಟುಕೊಟ್ಟು 1943ರ ಜನವರಿ 5ರಂದು ತೀರಿಕೊಂಡರು.

ವಿಪರ್ಯಾಸವೆಂದರೆ, ಏಕಬೆಳೆಗೆ ಮದ್ದೆಂದು ಅವರು ಸೂಚಿಸಿದ ಶೇಂಗಾವೇ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಏಕಬೆಳೆಯಾಯಿತು. ನವಣೆ, ಸಾಮೆ, ಹುರುಳಿಗಳ ಜಾಗವನ್ನು ಅದು ನುಂಗಿತು. ಮಳೆ ಕೈಕೊಟ್ಟ ವರ್ಷ ಕಾಯಿಯೂ ಇಲ್ಲ, ಕಾಳೂ ಇಲ್ಲ. ಕೊಂಡ್ಲಹಳ್ಳಿಯ ಆ ಮನೆಯ ಹೊಲದಲ್ಲಿ ಮಾತ್ರ ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲುಗಳಿದ್ದವು. ದಪ್ಪ ಕಾಯಿಗಳನ್ನು ಮುಂದಿನ ಬಿತ್ತನೆಗೆಂದು ಚೀಲಕ್ಕೆ ತುಂಬಿಟ್ಟಿದ್ದರು. ನಮಗೆ ಉಂಡೆಯಾಗಿ ಬಂದದ್ದು ಆರಿಸಿ ಉಳಿದ ಸಣ್ಣ ಬೀಜ.